ನಮ್ಮ ಮನೆಯ ಪ್ಲಗ್ಗಿನಲ್ಲಿ ನೌಫಲನ ಪಿಕಪ್

ಕಳೆದ ವರ್ಷದ ಮೇ ತಿಂಗಳು, ಮದುವೆಗಳ ಭರಾಟೆ. ವೇಣೂರಿನ ಪಿಕಪ್ ಸ್ಟ್ಯಾಂಡಿನಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಬಾಡಿಗೆ ಇತ್ತು. ನನ್ನ ಹಳೆಯ ಡೀಸೆಲ್ ಪಿಕಪ್ ಹೊರಡುವ ಮೊದಲು ನಾಲ್ಕು ಸಲ ಕೆಮ್ಮುತ್ತದೆ. ಆ ಕೆಮ್ಮನ್ನು ನಾನು ಬಾಯಲ್ಲಿ ಮಾಡಿದರೆ ಸ್ಟ್ಯಾಂಡಿನ ಕಟ್ಟೆಯಲ್ಲಿ ತೂಕಡಿಸುವವರು ಹೆದರಿ ಕಾಲು ಒಳಗೆ ಎಳೆದುಕೊಳ್ಳುತ್ತಾರೆ. ಕಂಡವರ ಸ್ವರ ಮಾಡುವುದು ನನ್ನ ಚಾಳಿ. ಬಸ್ಸಿನ ಕಂಡಕ್ಟರ್, ಪಂಚಾಯತಿನ ಮೈಕು, ನನ್ನದೇ ಗೊರಕೆ, ಯಾವುದನ್ನೂ ಬಿಟ್ಟವನಲ್ಲ.

ನೌಫಲ್ ಮತ್ತು ನಾನು ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಆ ಮೇ ತಿಂಗಳಿಗೂ ಏಳು ತಿಂಗಳು ಮೊದಲು ಅವನು ಎಲೆಕ್ಟ್ರಿಕ್ ಪಿಕಪ್ ತೆಗೆದುಕೊಳ್ಳುವಾಗ ಶೋರೂಮಿಗೆ ನಾನೂ ಹೋಗಿದ್ದೆ. ಅಲ್ಲಿ ಎರಡು ಬಗೆ ಇತ್ತು. ದೊಡ್ಡ ಬ್ಯಾಟರಿಯದ್ದು ದೂರ ಓಡುತ್ತದೆ, ಆದರೆ ಆ ಬ್ಯಾಟರಿಯ ಭಾರವೇ ನಮ್ಮ ಲೋಡಿನಲ್ಲಿ ಕಡಿತವಾಗುತ್ತದೆ. ಸಣ್ಣದ್ದು ಲೋಡ್ ಪೂರ್ತಿ ಹೊರುತ್ತದೆ, ಬೇಗ ಸುಸ್ತಾಗುತ್ತದೆ.

"ದೊಡ್ಡದೇ ತೆಗೆದುಕೊ ಮಾರಾಯ," ಎಂದೆ ನಾನು. "ಲೋಡ್ ಇಲ್ಲದಿದ್ದರೆ ಎಂತ, ಬ್ಯಾಟರಿ ಹೊತ್ತುಕೊಂಡೇ ಊರೂರು ತಿರುಗಬಹುದು."

ಅವನು ಸಣ್ಣದ್ದನ್ನು ತೆಗೆದುಕೊಂಡ. "ಲೋಡ್ ಇದ್ದರೆ ಹೊಟ್ಟೆಗೆ ಉಂಟು. ದೂರಕ್ಕೆ ಏನಾದರೂ ಮಾಡುವ," ಎಂದ.

ಸ್ಟ್ಯಾಂಡಿನಲ್ಲಿ ಅವನ ಗಾಡಿಯದ್ದೂ ಮಿಮಿಕ್ರಿ ಶುರು ಮಾಡಿದೆ. ಬಾಯಿ ಅಗಲ ತೆರೆದು ಸುಮ್ಮನೆ ನಿಲ್ಲುವುದು, ಅಷ್ಟೇ. ಎಲ್ಲರೂ ನಕ್ಕರು. ನೌಫಲನೂ ನಕ್ಕ. ಎರಡೇ ತಿಂಗಳಲ್ಲಿ ನಗು ನನ್ನ ಕಡೆಗೆ ತಿರುಗಿತು. ಮೂಡಬಿದಿರೆಯಲ್ಲಿ ಮದುವೆ ಅಡುಗೆ ವಹಿಸಿಕೊಳ್ಳುವ ಭುಜಂಗಣ್ಣ ಐದು ವರ್ಷದಿಂದ ನನಗೆ ಕೊಡುತ್ತಿದ್ದ ಬಾಡಿಗೆಯನ್ನು ನೌಫಲನಿಗೆ ಕೊಟ್ಟರು. ಕಾರಣ ಕೇಳಿದ್ದಕ್ಕೆ ಮೂಗಿನಲ್ಲಿ, "ನಿನ್ನ ಗಾಡಿಯಲ್ಲಿ ಬಂದರೆ ಪಾಯಸಕ್ಕೂ ಡೀಸೆಲ್ ಪರಿಮಳ ಬರ್ತದೆ ಸುಕೇಶ," ಎಂದರು. ಅದನ್ನೂ ನಾನು ಅದೇ ಮೂಗಿನಲ್ಲಿ ಸ್ಟ್ಯಾಂಡಿನಲ್ಲಿ ಹೇಳಿ ನಗಿಸಿದೆ. ದಾರಿಯಲ್ಲಿ ನೌಫಲನ ಗಾಡಿ ಎದುರಾದರೆ ಮಾತ್ರ ಹೊಟ್ಟೆಕಿಚ್ಚಿಗೆ ಹಾರ್ನ್ ಹೊಡೆಯದೆ ದಾಟುತ್ತಿದ್ದೆ.

ಒಂದು ವಿಷಯ ಅರ್ಥವಾಗುತ್ತಿರಲಿಲ್ಲ. ಅಷ್ಟು ಸಣ್ಣ ಬ್ಯಾಟರಿಯಲ್ಲಿ ಅವನು ಬಂಟ್ವಾಳಕ್ಕೂ ಹೋಗಿ ಬರುತ್ತಾನೆ, ನೆರಿಯಕ್ಕೂ ಹೋಗಿ ಬರುತ್ತಾನೆ. ಹೇಗೆ? ಕೇಳಿದರೆ, "ಜನ ಉಂಟಲ್ಲ," ಎಂದು ನಗುತ್ತಿದ್ದ.

ಆ ಮೇ ತಿಂಗಳ ಒಂದು ಭಾನುವಾರ ಬಾಡಿಗೆ ಇಲ್ಲದೆ ಒಂಬತ್ತಕ್ಕೇ ಮನೆಗೆ ಬಂದೆ. ಅಂಗಳದಲ್ಲಿ ನೌಫಲನ ಪಿಕಪ್. ಅದರಿಂದ ಒಂದು ವಯರು ಹೊರಟು ನಮ್ಮ ಪಂಪಿನ ಕೋಣೆಯ ಕಿಟಕಿಯೊಳಗೆ ಹೋಗಿತ್ತು. ಚಾವಡಿಯಲ್ಲಿ ನೌಫಲ್ ಕುಳಿತಿದ್ದ. ಅವನ ಮುಂದೆ ಬಾಳೆಲೆ ತುಂಡಿನಲ್ಲಿ ಆಗಷ್ಟೇ ಹಬೆಯಿಂದ ಇಳಿಸಿದ ಹಲಸಿನ ಹಣ್ಣಿನ ಗಟ್ಟಿ, ಮೇಲೆ ತುಪ್ಪ. ಅಮ್ಮ ಎರಡನೆಯದನ್ನು ಬಡಿಸುತ್ತಿದ್ದರು. ಬೆಳಿಗ್ಗೆ ನನಗೆ ಸಿಕ್ಕಿದ್ದು ಗಂಜಿ ಮತ್ತು ಉಪ್ಪಿನಕಾಯಿ.

"ಇದು ಯಾವಾಗಿನಿಂದ?" ಎಂದು ಕೇಳಿದೆ.

"ನಾಲ್ಕು ತಿಂಗಳಾಯಿತು. ವಾರಕ್ಕೆ ಎರಡು ಸಲ ಬರ್ತಾನೆ, ಪಾಪ," ಎಂದರು ಅಮ್ಮ. "ಗ್ಯಾಸ್ ಮುಗಿದರೆ ತಂದು ಕೊಡ್ತಾನೆ. ನನ್ನ ಮೊಣಕಾಲಿನ ಎಣ್ಣೆ ಮೂಡಬಿದಿರೆಯಿಂದ ತಂದದ್ದೂ ಅವನೇ. ನಿನಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದರೆ ನೀನು ಸ್ಟ್ಯಾಂಡಿನಲ್ಲಿ ನನ್ನ ಸ್ವರ ಮಾಡ್ತಿ."

ಉಳಿದದ್ದನ್ನು ನೌಫಲನೇ ಹೇಳಿದ, ಆಗ ಗೊತ್ತಾಯಿತು ಅವನ ಗುಟ್ಟು. ಬ್ಯಾಟರಿ ದೊಡ್ಡದು ಮಾಡಿದರೆ ಲೋಡ್ ಕಡಿಮೆಯಾಗುತ್ತದೆ ಎಂದು ಅವನು ದಾರಿಯುದ್ದಕ್ಕೂ ಚಾರ್ಜಿಗೆ ಪರಿಚಯದ ಮನೆಗಳನ್ನು ಮಾಡಿಕೊಂಡಿದ್ದ. ವಾಮದಪದವಿನಲ್ಲಿ ಒಂದು, ಗುರುವಾಯನಕೆರೆಯಲ್ಲಿ ಒಂದು, ಕಕ್ಕಿಂಜೆಯಲ್ಲಿ ಒಂದು. ಮನೆಗೆ ಬಂದವನಿಗೆ ಬೆಲ್ಲ, ನೀರು ಕೊಡುವ ನಮ್ಮೂರಿನವರು ಕರೆಂಟನ್ನೂ ಕೊಟ್ಟಿದ್ದರು. ಅವನು ಅವರ ಅಕ್ಕಿ, ಗ್ಯಾಸು, ಔಷಧಿ ಮುಟ್ಟಿಸುತ್ತಿದ್ದ. ಬಾಡಿಗೆ ಹೋದದ್ದನ್ನು ಹೇಗೋ ತಡೆದುಕೊಂಡಿದ್ದೆ. ನನ್ನ ಅಮ್ಮ, ನನ್ನ ಗಟ್ಟಿ, ನನ್ನ ಮನೆಯ ಪ್ಲಗ್ಗು ಕೂಡ ಅವನ ಪಾಲಾದದ್ದು ತಡೆಯಲಾಗಲಿಲ್ಲ.

"ಇವತ್ತು ನೆರಿಯದ ಮದುವೆ," ಎಂದ ನೌಫಲ್. "ಭುಜಂಗಣ್ಣನ ಅಡುಗೆ, ಮುನ್ನೂರು ಜನರ ಊಟ ಗಾಡಿಯಲ್ಲಿ ಉಂಟು. ಬಡಿಸುವವರು ಜೀಪಿನಲ್ಲಿ ಆಗಲೇ ಹೋದರು. ಹನ್ನೆರಡೂವರೆಗೆ ಎಲೆ ಹಾಕ್ತಾರಂತೆ. ಇಲ್ಲಿ ಒಂದು ಗಂಟೆ ಚಾರ್ಜ್ ಆದರೆ ಧೈರ್ಯ. ಮೂರು ಗಂಟೆಗೆ ಎದ್ದವನು, ಸ್ವಲ್ಪ ಒರಗ್ತೇನೆ."

ಅವನು ಫ್ಯಾನ್ ಹಾಕಿ ಚಾವಡಿಯ ಬೆಂಚಿನಲ್ಲಿ ಮಲಗಿದ. ಅಮ್ಮ ಹಿಂದಿನ ಬಚ್ಚಲಿಗೆ ಹೋದರು. ನಾನು ಪಂಪಿನ ಕೋಣೆಗೆ ಹೋಗಿ ಸ್ವಿಚ್ ಆಫ್ ಮಾಡಿದೆ.

ಅವನು ಒಂದು ಸಲ ತಡವಾಗಿ ತಲುಪಲಿ, ಭುಜಂಗಣ್ಣನ ಮೂಗು ಒಂದು ಸಲ ಅವನ ಕಡೆಗೂ ತಿರುಗಲಿ, ಅಷ್ಟೇ ಬೇಕಿತ್ತು. ಅವನು ಏಳುವ ಹೊತ್ತಿಗೆ ಸ್ವಿಚ್ ಮತ್ತೆ ಹಾಕಿದೆ.

ನೌಫಲ್ ಗಾಡಿ ಹತ್ತಿ ಮೀಟರ್ ನೋಡಿ ಸಪ್ಪಗಾದ. "ಏರಲೇ ಇಲ್ಲ. ಕರೆಂಟ್ ಹೋಗಿತ್ತಾ ಅಮ್ಮಾ?"

"ಹೋಗಿರಬೇಕು ಮಗಾ, ನಮ್ಮ ಲೈನಿನದ್ದು ಯಾವಾಗಲೂ ಹೀಗೆ," ಎಂದರು ಅಮ್ಮ ಒಳಗಿನಿಂದ. ನಾನು ಅಂಗಳದ ತೆಂಗಿನ ಮರ ನೋಡುತ್ತಾ ನಿಂತೆ. ಕಾಯಲು ಸಮಯ ಇಲ್ಲದೆ ಅವನು ಹೊರಟ.

ಹನ್ನೊಂದೂಕಾಲಿಗೆ ಫೋನ್ ಬಂತು. "ಸುಕೇಶ, ನೆರಿಯಕ್ಕೆ ಮೂರು ಕಿಲೋಮೀಟರ್ ಇರುವಾಗ ಏರಿನಲ್ಲಿ ಗಾಡಿ ನಿಂತಿತು. ಗುರುವಾಯನಕೆರೆಯಲ್ಲಿ ನಿಲ್ಲಲು ಹೊತ್ತಿರಲಿಲ್ಲ, ಕಕ್ಕಿಂಜೆಯ ಮನೆಯವರು ಇದೇ ಮದುವೆಗೆ ಹೋಗಿದ್ದಾರೆ, ಬೀಗ. ಈ ಲೋಡ್ ಒಂದೇ ಸಲಕ್ಕೆ ಎತ್ತುವ ಗಾಡಿ ನಿನ್ನದೇ. ಬರ್ತಿಯಾ?"

ಸುಳ್ಳು ಹೇಳುವುದಿಲ್ಲ, ಮೊದಲ ಅರ್ಧ ನಿಮಿಷ ನನಗೆ ಸಂತೋಷವೇ ಆಯಿತು. ಆಮೇಲೆ ಎಲೆಯ ಮುಂದೆ ಕುಳಿತ ಮುನ್ನೂರು ಜನ ಕಣ್ಣಿಗೆ ಬಂದರು. ಮಗಳ ಮದುವೆಯಲ್ಲಿ ಊಟ ಇಲ್ಲ ಎಂದು ನೆಂಟರ ಮುಂದೆ ನಿಲ್ಲುವ ಆ ಮನೆಯ ಯಜಮಾನರು ಬಂದರು. ನನ್ನ ಗಾಡಿ ಕೆಮ್ಮದೆ ಸ್ಟಾರ್ಟ್ ಆದದ್ದು ಆವತ್ತು ಒಂದೇ ದಿನ. ಬೆಳ್ತಂಗಡಿ, ಉಜಿರೆ, ಕಕ್ಕಿಂಜೆ ಎಲ್ಲಿ ದಾಟಿದೆ ಎಂದು ನೆನಪಿಲ್ಲ.

ಬಿಸಿ ಪಾತ್ರೆಗಳನ್ನು ಇಬ್ಬರೇ ಗೋಣಿ ಹಿಡಿದು ನನ್ನ ಗಾಡಿಗೆ ದಾಟಿಸಿದೆವು. ಸಾಂಬಾರು ಚೆಲ್ಲಿ ನೌಫಲನ ಮುಂಗೈ ಸುಟ್ಟಿತು. ಅವನು ಅದನ್ನು ಅಂಗಿಗೆ ಒರೆಸಿಕೊಂಡು ಮುಂದಿನ ಪಾತ್ರೆ ಹಿಡಿದ. ಮದುವೆ ಮನೆಗೆ ಮುಟ್ಟುವಾಗ ಒಂದಕ್ಕೆ ಹತ್ತು ನಿಮಿಷ. ಎಲೆ ಹಾಕಿ, ಉಪ್ಪು ಬಡಿಸಿ, ಬಡಿಸುವವರು ಕೈ ಕಟ್ಟಿ ನಿಂತಿದ್ದರು.

ಊಟ ಸುರುವಾದ ಮೇಲೆ ಭುಜಂಗಣ್ಣ ನಮ್ಮಿಬ್ಬರನ್ನೂ ಬದಿಗೆ ಕರೆದರು. "ನೌಫಲ್, ನಾಳೆಯಿಂದ ನೀನು ಬೇಡ. ನನ್ನ ಮರ್ಯಾದೆ ಹೋಗ್ತಿತ್ತು. ಸುಕೇಶ, ನೀನೇ ಬಾ. ಪರಿಮಳ ಬಂದರೂ ಅಡ್ಡಿಯಿಲ್ಲ."

"ನನ್ನದೇ ತಪ್ಪು ಭುಜಂಗಣ್ಣ. ಚಾರ್ಜ್ ನೋಡಿಕೊಂಡು ಹೊರಡಬೇಕಿತ್ತು," ಎಂದ ನೌಫಲ್.

ನಾನು ಐದು ತಿಂಗಳಿಂದ ಕಾಯುತ್ತಿದ್ದ ಮಾತು ಕಿವಿಗೆ ಬಿದ್ದಿತ್ತು. ಎಲ್ಲರ ಸ್ವರ ಬರುವ ನನ್ನ ಬಾಯಿಯಿಂದ ಆಗ ನನ್ನ ಸ್ವರ ಹೊರಡಲಿಲ್ಲ.

ಅವನ ಪಿಕಪ್ಪನ್ನು ಮೆಲ್ಲ ಹಿಂದಕ್ಕೆ ಇಳಿಸಿ, ಏರಿನ ಕೆಳಗಿನ ಒಂದು ಮನೆಯ ಪ್ಲಗ್ಗಿಗೆ ಹಾಕಿದೆವು. ಆ ಮನೆಯ ಮುದುಕಿ ಯಾರು, ಎಲ್ಲಿಯವರು ಎಂದು ಕೇಳುವ ಮೊದಲೇ ಮಜ್ಜಿಗೆ ತಂದಿಟ್ಟರು. ನಾನು ಲೋಟವನ್ನು ಹಾಗೆಯೇ ಕೆಳಗಿಟ್ಟೆ.

"ನೌಫಲ್, ಸ್ವಿಚ್ ತೆಗೆದದ್ದು ನಾನು."

"ಗೊತ್ತುಂಟು."

"ಹೇಗೆ?"

"ಕರೆಂಟ್ ಹೋಗಿದ್ದರೆ ನನ್ನ ತಲೆಯ ಮೇಲೆ ಫ್ಯಾನ್ ಹೇಗೆ ತಿರುಗ್ತದೆ ಮಾರಾಯ? ಗುರುವಾಯನಕೆರೆಗೆ ಬರುವಾಗ ತಲೆಗೆ ಹೋಯಿತು."

"ಮತ್ತೆ ನನ್ನನ್ನೇ ಯಾಕೆ ಕರೆದೆ?"

ಅವನು ಸುಟ್ಟ ಕೈಗೆ ಊದಿಕೊಂಡ. "ನೀನು ಬರ್ತಿ ಎಂದೂ ಗೊತ್ತಿತ್ತು."

ಅಲ್ಲಿಂದಲೇ ಭುಜಂಗಣ್ಣನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. "ನೌಫಲ್, ಸುಕೇಶನ ಹತ್ತಿರ ಮಿಮಿಕ್ರಿ ಕಲಿತದ್ದಾ?" ಎಂದು, ನನ್ನ ಸ್ವರ ಮಾಡುತ್ತಿರುವುದು ನೌಫಲನೇ ಎಂದುಕೊಂಡು ಅವರು ಫೋನ್ ಇಟ್ಟರು. ಮರುದಿನ ಮೂಡಬಿದಿರೆಗೆ ಹೋಗಿ, ಅವರ ಅಡುಗೆಯವರೆಲ್ಲ ತರಕಾರಿ ಕೊಚ್ಚುತ್ತಿದ್ದ ಕಡೆ ನಿಂತು, ಮುಖ ತೋರಿಸಿಯೇ ಹೇಳಬೇಕಾಯಿತು. ಒಬ್ಬರೂ ನಗಲಿಲ್ಲ. "ಆಯಿತು, ಅವನಿಗೆ ಬರಲು ಹೇಳು. ನೀನು ಇನ್ನು ಈ ಅಂಗಳಕ್ಕೆ ಬರಬೇಡ," ಎಂದರು ಭುಜಂಗಣ್ಣ. ಅಮ್ಮನಿಗೂ ಹೇಳಿದೆ. ಅವರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ನಾನೀಗ ಮನೆ ಕಟ್ಟುವವರಿಗೆ ಕೆಂಪು ಕಲ್ಲು, ಹೊಯ್ಗೆ ಸಾಗಿಸುತ್ತೇನೆ. ಡೀಸೆಲ್ ಪರಿಮಳ ಎಂದು ಕಲ್ಲು ದೂರು ಹೇಳುವುದಿಲ್ಲ. ನೌಫಲ್ ಈಗಲೂ ವಾರಕ್ಕೆರಡು ಸಲ ಬರುತ್ತಾನೆ, ಅಮ್ಮ ಈಗಲೂ ತುಪ್ಪ ಅವನಿಗೇ ಹೆಚ್ಚು ಹಾಕುತ್ತಾರೆ. ಹೊಟ್ಟೆಕಿಚ್ಚು ಆರಿದೆ ಎಂದರೆ ಯಾರೂ ನಂಬಬೇಡಿ. ಆದರೆ ಅಮ್ಮ ಮನೆಯಲ್ಲಿ ಇಲ್ಲದೆ ನಾನೊಬ್ಬನೇ ಇರುವ ದಿನವೂ ಅವನು ಬರುತ್ತಾನೆ, ಪ್ಲಗ್ ಹಾಕುತ್ತಾನೆ, ಚಾವಡಿಯ ಬೆಂಚಿನಲ್ಲಿ ಮಲಗಿದ ಕೂಡಲೇ ನಿದ್ದೆ ಹೋಗುತ್ತಾನೆ. ನಾನಾಗಿದ್ದರೆ ಒಂದು ಕಣ್ಣು ತೆರೆದೇ ಮಲಗುತ್ತಿದ್ದೆ. ಅವನ ಗಾಡಿಗಿಂತ, ಬಾಡಿಗೆಗಿಂತ ಈಗ ನನಗೆ ಹೆಚ್ಚು ಹೊಟ್ಟೆಕಿಚ್ಚು ಆ ನಿದ್ದೆಯ ಮೇಲೆ.