ಹಲ್ಲಕ್ಕ ಹಲ್ಲು ಮಸೆದದ್ದು

ಹಲ್ಲಕ್ಕನಿಗೆ ಆ ಹೆಸರು ಬಂದಿದ್ದು ಅವಳ ಕೆಲಸದಿಂದ. ನಮ್ಮದು ಹಲ್ಲಿನ ಸೆಟ್ ಮಾಡುವ ಲ್ಯಾಬು, ಮೊದಲನೇ ಮಹಡಿಯಲ್ಲಿ ಎರಡೇ ಕೋಣೆ. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ದು ದವಡೆಯ ಮಾದರಿ ತೆಗೆಯುವುದು ನನ್ನ ಪಾಲು. ಆ ದವಡೆಯ ಮೇಲೆ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಮಸೆದು ಹೊಳಪು ಕೊಡುವುದು ಅವಳ ಪಾಲು. ನನಗಿಂತ ಎರಡು ವರ್ಷ ಚಿಕ್ಕವಳು. ಬೀದಿಗೆಲ್ಲ ಅಕ್ಕನಾದ್ದರಿಂದ ನನಗೂ ಅಕ್ಕ. ಹನ್ನೊಂದು ವರ್ಷ ಪಕ್ಕದ ಬೆಂಚಿನಲ್ಲಿ ಕೂತಿದ್ದೇನೆ, ಅವಳು ಒಮ್ಮೆಯೂ ಜೋರಾಗಿ ಮಾತಾಡಿದ್ದನ್ನು ಕೇಳಿಲ್ಲ. ಹಾಗಾಗಿ ಇವಳು ಒಬ್ಬನ ಅಂಗಡಿ ಮುಚ್ಚಿಸಿಯಾಳು ಅಂತ ಯಾರಾದರೂ ಆಗ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಅವಳ ಅಪ್ಪ ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದರು. ಅವಳ ತಮ್ಮ ಶಾಲೆಯೊಂದರ ವ್ಯಾನ್ ಓಡಿಸುತ್ತಿದ್ದ, ಹೆಂಡತಿ ಮಕ್ಕಳ ಜೊತೆ ಬೇರೆ ಮನೆ. ಅಪ್ಪನನ್ನು ಎಬ್ಬಿಸುವುದು, ಮಗ್ಗುಲು ಹೊರಳಿಸುವುದು, ಉಣಿಸುವುದು ಎಲ್ಲ ಇವಳೇ. ಲ್ಯಾಬು ಬಿಟ್ಟರೆ ಮನೆ, ಮನೆ ಬಿಟ್ಟರೆ ಲ್ಯಾಬು. ಅಪ್ಪ ಮಂಪರಿನಲ್ಲಿದ್ದಾಗ ಪಕ್ಕದಲ್ಲಿ ಕೂತು ಫೋನಿನಲ್ಲಿ ಯಾರೋ ಗೇಮ್ ಆಡುವ ವಿಡಿಯೋ ನೋಡುತ್ತಿದ್ದಳು. ಹಿಮದ ಬೆಟ್ಟಗಳು, ಕುದುರೆ ಮೇಲೆ ಒಬ್ಬ ಸವಾರ, ಎತ್ತ ತಿರುಗಿದರೂ ದಾರಿ. "ಬೆಳಗಿಂದ ಸಂಜೆವರೆಗೆ ನನ್ನ ಕಣ್ಣು ಒಂದು ಹಲ್ಲಿನಷ್ಟಗಲ ಜಾಗ ಬಿಟ್ಟು ಆಚೆ ಹೋಗಲ್ಲ. ಅಲ್ಲಾದ್ರೂ ಒಂದಿಷ್ಟು ದೂರ ಕಾಣುತ್ತೆ," ಅಂದಿದ್ದಳು ಒಮ್ಮೆ.

ಅಪ್ಪ ಹೋದರು. ತಿಂಗಳಾದ ಮೇಲೆ ತಮ್ಮ ಬಂದು, "ಎಲ್ಲಾದ್ರೂ ನಾಲ್ಕು ದಿನ ಹೋಗಿ ಬಾ ಅಕ್ಕ," ಅಂದ.

"ಹೋಗ್ತೀನಿ. ಗೇಮ್ ಆಡೋ ಕಂಪ್ಯೂಟರ್ ತಗೊಂಡು ಅದ್ರಲ್ಲೇ ಹೋಗ್ತೀನಿ," ಅಂದಳು. ಆಗ ಅವಳಿಗೆ ನಲವತ್ತಾರು. ತನಗೋಸ್ಕರ ಅಂತ ಅವಳು ಕೊಂಡ ಮೊದಲ ದೊಡ್ಡ ವಸ್ತು ಅದು.

ನಮ್ಮ ಲ್ಯಾಬಿನ ಕಿಟಕಿಗೆ ಸರಿಯಾಗಿ ಎದುರಿಗೆ, ರಸ್ತೆಯ ಆಚೆ ಬದಿಗೆ ಒಂದು ಕಂಪ್ಯೂಟರ್ ಅಂಗಡಿ. ಯಜಮಾನನನ್ನು ಎಲ್ಲರೂ ಗ್ಯಾರಂಟಿ ಅಂತಲೇ ಕರೆಯುತ್ತಿದ್ದರು, ಏನು ಕೇಳಿದರೂ "ಗ್ಯಾರಂಟಿ ನಂದು" ಅನ್ನುತ್ತಿದ್ದನಲ್ಲ, ಅದಕ್ಕೆ. ಮೂವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಬಾಯಿ ತುಂಬ ಅಕ್ಕ ಅಣ್ಣ. ಹಲ್ಲಕ್ಕ ತನ್ನ ಹತ್ತಿರ ಎಷ್ಟಿದೆ ಅಂತ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು. ಅವನು ಅಷ್ಟಕ್ಕೇ ಸರಿಹೊಂದುವ ಹಾಗೆ ಒಂದು ಪೆಟ್ಟಿಗೆ ತಯಾರು ಮಾಡಿಕೊಟ್ಟ. ಗಾಜಿನ ಬಾಗಿಲು, ಒಳಗೆ ಕೆಂಪು ಹಸಿರು ನೀಲಿ ದೀಪ, ಮದುವೆ ಮಂಟಪದ ಹಾಗೆ ಮಿನುಗುತ್ತಿತ್ತು.

ಮೊದಲ ದಿನವೇ ಕುದುರೆ ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಚಿತ್ರ ತಡವರಿಸತೊಡಗಿತು. ಹತ್ತು ನಿಮಿಷಕ್ಕೆ ಪೆಟ್ಟಿಗೆ ಪೂರಾ ಆಫ್. ಸುಟ್ಟ ವಾಸನೆ ಬೇರೆ. ಮಾರನೇ ದಿನ ಅಂಗಡಿಗೆ ಒಯ್ದಳು. "ನಿಮ್ಮನೆ ಕರೆಂಟ್ ಸರಿಯಿಲ್ಲ ಅಕ್ಕ," ಅಂದ. ಮುಂದಿನ ವಾರ ಒಯ್ದಳು. "ಧೂಳು ಅಕ್ಕ, ಕಿಟಕಿ ಮುಚ್ಚಿಡಿ." ಮೂರನೇ ಸಲ ಒಯ್ದದ್ದು ಶನಿವಾರ ಸಂಜೆ, ಅಂಗಡಿ ತುಂಬ ಜನ. ಪೆಟ್ಟಿಗೆ ಭಾರವೆಂದು ನಾನೂ ಜೊತೆಗೆ ಹೋಗಿದ್ದೆ.

ಅವನು ಪೆಟ್ಟಿಗೆ ಮುಟ್ಟಲೂ ಇಲ್ಲ. ಕೌಂಟರಿಗೆ ಒರಗಿ, ಗಿರಾಕಿಗಳಿಗೆಲ್ಲ ಕೇಳುವ ಹಾಗೆ, "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಮಷೀನ್ ಚೆನ್ನಾಗೇ ಇದೆ. ಈ ವಯಸ್ಸಲ್ಲಿ ಕುದುರೆ ಸವಾರಿ ಯಾಕೆ ಹೇಳಿ? ಇಸ್ಪೀಟ್ ಗೇಮ್ ಇದೆ, ಹಾಕ್ಕೊಡ್ಲಾ? ಅದಕ್ಕೆ ಬಿಸಿ ಆಗಲ್ಲ," ಅಂದ.

ಅಂಗಡಿಯೆಲ್ಲ ನಕ್ಕಿತು. ಹಲ್ಲಕ್ಕನೂ ನಕ್ಕಳು. ನಾನು ಪೆಟ್ಟಿಗೆ ಎತ್ತಿಕೊಂಡೆ, ಇಬ್ಬರೂ ಹೊರಗೆ ಬಂದೆವು. ರಸ್ತೆ ದಾಟುವವರೆಗೂ ಆ ನಗು ಅವಳ ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು. ಮೆಟ್ಟಿಲ ಹತ್ತಿರ ನಿಂತು, "ಎಷ್ಟು ಜನ ಇದ್ರು ನೋಡಿದ್ರಾ?" ಅಂತ ಕೇಳಿದಳು.

"ಎಂಟೋ ಹತ್ತೋ."

"ಹನ್ನೆರಡು," ಅಂದಳು.

ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಪೆಟ್ಟಿಗೆಯನ್ನು ತನ್ನ ಬೆಂಚಿನ ಮೇಲಿಟ್ಟು ಬಿಚ್ಚಿದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಲ್ಲು ನೋಡಿದ ಹಾಗೇ ಒಂದೊಂದನ್ನೂ ನೋಡಿದಳು. ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಹೊಸದು ಅಂದಿದ್ದ. ಅದರ ಸ್ಕ್ರೂಗಳ ತಲೆ ಸವೆದಿತ್ತು, ನಂಬರಿನ ಚೀಟಿಯ ಕೆಳಗೆ ಇನ್ನೊಂದು ಚೀಟಿ ಇತ್ತು. "ಇದನ್ನ ಉಜ್ಜಿ ಹೊಳಪು ಮಾಡಿದಾರೆ. ಹಳೇದನ್ನ ಹೊಸದು ಮಾಡೋದು ನಂಗೆ ಗೊತ್ತಿಲ್ವಾ? ಇಪ್ಪತ್ತೇಳು ವರ್ಷದಿಂದ ಅದನ್ನೇ ಮಾಡ್ತಿರೋದು," ಅಂದಳು. ಎಲ್ಲ ಭಾಗಕ್ಕೂ ಕರೆಂಟ್ ಕೊಡುವ ಪವರ್ ಸಪ್ಲೈಯನ್ನು ಪ್ಲಾಸ್ಟರ್ ತೂಗುವ ತಕ್ಕಡಿಗೆ ಹಾಕಿದಳು. ಮೇಲೆ ಬರೆದ ಶಕ್ತಿಗೆ ಎಷ್ಟು ತೂಕ ಇರಬೇಕೆಂದು ಫೋನಿನಲ್ಲಿ ಹುಡುಕಿದಳು, ಅದರ ಅರ್ಧವೂ ಇರಲಿಲ್ಲ. ಒಳಗೆ ಬಹುಪಾಲು ಗಾಳಿ. ಎರಡು ಹಾಕಿದ್ದೀನಿ ಅಂದಿದ್ದ ಮೆಮೊರಿ ಪಟ್ಟಿ ಒಂದೇ ಇತ್ತು.

"ಕಂಪ್ಲೇಂಟ್ ಕೊಡು," ಅಂದೆ.

ಬಿಲ್ ತೋರಿಸಿದಳು. 'ಕಂಪ್ಯೂಟರ್, ಒಂದು' ಅಂತ ಇತ್ತು, ಅಷ್ಟೇ. ಯಾವ ಭಾಗ, ಯಾವ ಮಾಡೆಲ್, ಏನೂ ಇಲ್ಲ. "ಹನ್ನೆರಡು ಜನರ ಮುಂದೆ ನನ್ನನ್ನ ನಗೆಪಾಟಲು ಮಾಡಿದ. ಇದನ್ನ ಯಾವ ಆಫೀಸಲ್ಲಿ ಬರ್ಕೊಡಲಿ?" ಅಂದಳು.

ಅವತ್ತಿನಿಂದ ಅವಳು ಕಂಪ್ಯೂಟರ್ ಕಟ್ಟುವುದರ ಬಗ್ಗೆ ಓದತೊಡಗಿದಳು. ಊಟದ ಡಬ್ಬಿ ಒಂದು ಕಡೆ, ನೋಟ್‌ಬುಕ್ ಒಂದು ಕಡೆ. ಆರು ತಿಂಗಳು. ಮಧ್ಯೆ ಮಧ್ಯೆ ತಲೆಯೆತ್ತಿ ಎದುರಿನ ಅಂಗಡಿ ನೋಡುವಳು, ಮತ್ತೆ ಓದುವಳು. "ಅವನ ಮೇಲೆ ಇಷ್ಟು ಹಲ್ಲು ಮಸೀಬೇಡ," ಅಂದರೆ, "ಹಲ್ಲು ಮಸೆಯೋದಕ್ಕೇ ನಂಗೆ ಸಂಬಳ ಕೊಡೋದು," ಅನ್ನುವಳು.

ಅಪ್ಪನ ಗಾಲಿಕುರ್ಚಿ, ಗಾಳಿಹಾಸಿಗೆ ಮಾರಿದಳು. ಭಾನುವಾರಗಳಲ್ಲಿ ಹೆಚ್ಚಿನ ಕೆಲಸ ಹಿಡಿದಳು. ಗ್ಯಾರಂಟಿಗೆ ಕೊಟ್ಟ ಮೊತ್ತದ ಮುಕ್ಕಾಲು ಪಾಲು ಕೈಗೆ ಬಂದಾಗ ಕಂಪ್ಯೂಟರಿನ ಬಿಡಿಭಾಗ ಕೊಳ್ಳಲು ಹೊರಟಳು. ಅವಳ ಲೆಕ್ಕ ಗಟ್ಟಿಯಾಗಿತ್ತು. ದೀಪ ಬೇಡ, ಗಾಜು ಬೇಡ. ದೀಪ ಒಂದು ಚಿತ್ರವನ್ನೂ ಮೂಡಿಸಲ್ಲ. ತಮ್ಮ ಕೊಟ್ಟ ಹಳೇ ಮಾನಿಟರ್ ಸಾಧಾರಣದ್ದು, ಅದಕ್ಕೆ ತಕ್ಕ ಕಾರ್ಡು ಸಾಕು, ಅದಕ್ಕಿಂತ ದೊಡ್ಡದು ದಂಡ. ಆದರೆ ಕೈಯಲ್ಲಿರುವ ದುಡ್ಡಿನ ಅರ್ಧದ ಹತ್ತಿರ ಆ ಕಾರ್ಡಿಗೇ. ಲೆಕ್ಕ ಮಾಡುವ ಪ್ರೊಸೆಸರ್ ಹೋದ ವರ್ಷದ್ದು, ಅದನ್ನು ತಣಿಸುವ ಫ್ಯಾನ್ ಡಬ್ಬಿಯಲ್ಲೇ ಬರುವಂಥದ್ದು. ಎಲ್ಲ ಭಾಗ ಕೂರುವ ಮದರ್‌ಬೋರ್ಡ್ ಸಾದಾ, ಆದರೆ ಮುಂದೆ ಮೆಮೊರಿ ಸೇರಿಸಲು ಜಾಗ ಇರಬೇಕು. ಪವರ್ ಸಪ್ಲೈಯಲ್ಲಿ ಮಾತ್ರ ಒಂದು ಕಾಸೂ ಉಳಿಸಲಿಲ್ಲ. "ಅದು ಒಸಡಿದ್ದ ಹಾಗೆ. ಒಸಡು ಸಡಿಲ ಆದ್ರೆ ಎಂಥಾ ಹಲ್ಲು ಕೂರಿಸಿ ಏನು ಬಂತು?" ಅಂದಳು.

ಕಾರ್ಡನ್ನು ಒಬ್ಬ ಫೋಟೊಗ್ರಾಫರನಿಂದ ಸೆಕೆಂಡ್ ಹ್ಯಾಂಡ್ ಕೊಂಡಳು. ಭೂತಗನ್ನಡಿ, ತಕ್ಕಡಿ ಚೀಲದಲ್ಲಿ ಹಾಕಿಕೊಂಡೇ ಅವನ ಮನೆಗೆ ಹೋದಳು. ಒಂದು ಗಂಟೆ ಗೇಮ್ ಓಡಿಸಿ, ಬಿಸಿ ನೋಡಿ, ಸ್ಕ್ರೂ ನೋಡಿ, ಆಮೇಲೆ ದುಡ್ಡು ಕೊಟ್ಟಳು. ಪಾಪ, ಅವನು ಎರಡು ಸಲ ಟೀ ಮಾಡಿಕೊಡಬೇಕಾಯಿತು. ಹೊರಗಿನ ಕ್ಯಾಬಿನೆಟ್ ಒಂದು ಮೂಲೆ ನೆಗ್ಗಿದ ತಗಡಿನದು, ಅದಕ್ಕೇ ಅಗ್ಗ. ಗ್ಯಾರಂಟಿಯ ಪೆಟ್ಟಿಗೆಯದನ್ನೇ ಬಳಸಬಹುದಿತ್ತಲ್ಲ ಅಂದೆ.

"ಅವನ ಒಂದು ಸ್ಕ್ರೂ ಕೂಡ ನನ್ನ ಮಷೀನಿಗೆ ಬೇಡ."

ಎಲ್ಲ ಸೇರಿಸಿ ಬಟನ್ ಒತ್ತಿದ ಭಾನುವಾರ ನಾನೂ ತಮ್ಮನೂ ಇದ್ದೆವು. ಕುದುರೆ ಬೆಟ್ಟ ಹತ್ತಿತು. ಮೇಲೆ ನಿಂತು ನೋಡಿದರೆ ಕಣ್ಣು ಹರಿದಷ್ಟೂ ಹಿಮ. ಎರಡು ಗಂಟೆ ಒಮ್ಮೆಯೂ ತಡವರಿಸಲಿಲ್ಲ. ತಮ್ಮ, "ಆಯ್ತಲ್ಲ ಅಕ್ಕ, ಇನ್ನು ಅವನನ್ನ ಬಿಟ್ಬಿಡು," ಅಂದ.

"ಇದು ನನ್ನ ಆಟ. ಅವನದು ಇನ್ನೂ ಶುರುವಾಗಿಲ್ಲ," ಅಂದಳು, ಪರದೆಯಿಂದ ಕಣ್ಣು ತೆಗೆಯದೆ.

ಮಾರನೇ ದಿನ ನಮ್ಮ ಕಟ್ಟಡದ ಮೆಟ್ಟಿಲ ಬಾಗಿಲಲ್ಲಿ ಒಂದು ಹಾಳೆ ಅಂಟಿತ್ತು. 'ಕಂಪ್ಯೂಟರ್ ಕೊಳ್ಳುವ ಮುಂಚೆ ಅಂಗಡಿಯವರು ಬೆಲೆ ಬರೆದುಕೊಟ್ಟ ಚೀಟಿ ತಂದು ತೋರಿಸಿ. ದುಡ್ಡು ಬೇಡ. ಮಧ್ಯಾಹ್ನ ಒಂದರಿಂದ ಎರಡು.' ಯಾವ ಅಂಗಡಿ ಅಂತ ಬರೆದಿರಲಿಲ್ಲ. ಬರೆಯಬೇಕಾಗೂ ಇರಲಿಲ್ಲ.

ಮೊದಲು ಬಂದವನು ಒಬ್ಬ ಬಡಗಿ, ಮಗಳಿಗೆ ಕಂಪ್ಯೂಟರ್ ಕೊಡಿಸಲು ಹೊರಟವನು. ಹಲ್ಲಕ್ಕ ಗ್ಯಾರಂಟಿಯ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಳು: ಇದು ಯಾವ ಮಾಡೆಲ್ ಕೇಳಿ, ಇದು ಬೇಡ, ಇದಕ್ಕೆ ಬೆಲೆ ಹೆಚ್ಚು, ಡಬ್ಬಿ ನಿಮ್ಮೆದುರೇ ಒಡೆಸಿ, ಬಿಲ್ಲಿನಲ್ಲಿ ಪ್ರತಿ ಭಾಗದ ಹೆಸರು ಬರೆಸಿ. ಬಡಗಿ ರಸ್ತೆ ದಾಟಿ ಅಂಗಡಿಗೆ ಹೋದ. ಗ್ಯಾರಂಟಿ ಚೀಟಿ ಓದಿದ್ದು, ಆಮೇಲೆ ತಲೆಯೆತ್ತಿ ನಮ್ಮ ಕಿಟಕಿಯತ್ತ ನೋಡಿದ್ದು ನಮಗೆ ಕಂಡಿತು. ಹಲ್ಲಕ್ಕ ಕೈ ಬೀಸಿದಳು.

ವಾರಕ್ಕೆ ಇಬ್ಬರು ಬಂದರು, ಆಮೇಲೆ ದಿನಕ್ಕೆ ಇಬ್ಬರು, ಆಮೇಲೆ ಮೆಟ್ಟಿಲ ಮೇಲೆ ಸಾಲು. ಬಿಚ್ಚಿದ ಹಳೇ ಪೆಟ್ಟಿಗೆಯ ಭಾಗಗಳನ್ನು ಒಂದು ಹಲಗೆಗೆ ಬಿಗಿದು ಗೋಡೆಗೆ ತೂಗುಹಾಕಿದ್ದಳು. ಸವೆದ ಸ್ಕ್ರೂ ತೋರಿಸುವಳು, ಟೊಳ್ಳು ಪವರ್ ಸಪ್ಲೈ ಕೈಗೆ ಕೊಟ್ಟು ತೂಗಿ ನೋಡಿ ಅನ್ನುವಳು. ನೋಡಿದವರು ಆಚೆಗೆ ಹೋಗಿ ನಾಲ್ಕು ಜನರಿಗೆ ಹೇಳುವರು. ಹೊಸ ಕಂಪ್ಯೂಟರ್ ಕಟ್ಟಿಸಲು ಎದುರಿನ ಅಂಗಡಿಗೆ ಹೋಗುವವರೇ ಕಡಿಮೆಯಾದರು.

ಒಂದು ದಿನ ಗ್ಯಾರಂಟಿಯೇ ಮೆಟ್ಟಿಲು ಹತ್ತಿ ಬಂದ. "ಅಕ್ಕ, ನಿಮ್ಮ ಮಷೀನ್ ಪೂರ್ತಿ ಬದಲಾಯಿಸಿ ಕೊಡ್ತೀನಿ. ಹೊಸದು. ಇದನ್ನ ನಿಲ್ಸಿ."

"ನನ್ನ ಹತ್ರ ಇದೆ. ನೀನು ಕೊಟ್ಟಿದ್ದು ಗೋಡೆ ಮೇಲಿದೆ, ಚೆನ್ನಾಗಿ ಕೆಲಸಕ್ಕೆ ಬರ್ತಿದೆ."

ಅವನು ನಮ್ಮ ಮಾಲೀಕರ ಹತ್ತಿರ ಹೋಗಿ ದೂರು ಕೊಟ್ಟ. ಲ್ಯಾಬಿನೊಳಗೆ ಇದೆಲ್ಲ ಬೇಡ ಅಂದರು ಮಾಲೀಕರು. ಹಲ್ಲಕ್ಕ ಹಲಗೆ ಇಳಿಸಿಕೊಂಡು ಹೋಗಿ, ಕೆಳಗಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಳು. ಅದು ಗ್ಯಾರಂಟಿಯ ಬಾಗಿಲಿಗೆ ಇನ್ನೂ ಹತ್ತಿರ.

ಆಮೇಲೆ ಬಂದವಳು ಅವನ ಹೆಂಡತಿ. ಕಣ್ಣ ಕೆಳಗೆ ಕಪ್ಪು. "ಇಬ್ಬರು ಮಕ್ಕಳಿದಾರೆ ಅಕ್ಕ. ಅವರು ತಪ್ಪು ಮಾಡಿದಾರೆ, ಒಪ್ತೀನಿ. ಏನು ಮಾಡಿದ್ರೆ ನಿಮಗೆ ಸಮಾಧಾನ ಆಗುತ್ತೆ?"

ಹಲ್ಲಕ್ಕ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. "ಶನಿವಾರ ಸಂಜೆ ಬರ್ತೀನಿ. ಅಂಗಡೀಲಿ ಜನ ಇರಲಿ. ಅವರ ಮುಂದೆ ಅವನು ತಪ್ಪಾಯ್ತು ಅನ್ಲಿ."

ಶನಿವಾರ ಹೋದೆವು. ಜನ ಆರು ಮಂದಿಯೇ ಇದ್ದರು. ಹಲ್ಲಕ್ಕ ಎಣಿಸಿದಳು, ಬಾಗಿಲಲ್ಲೇ ಕಾದು ನಿಂತಳು. ಚಾರ್ಜರ್ ಕೊಳ್ಳಲು, ಪ್ರಿಂಟ್ ತೆಗೆಸಲು ಒಬ್ಬೊಬ್ಬರಾಗಿ ಬಂದು ಹನ್ನೆರಡಾದ ಮೇಲೆ ಒಳಗೆ ಕಾಲಿಟ್ಟಳು. ಗ್ಯಾರಂಟಿ ಕೌಂಟರಿನ ಹಿಂದೆ ತಲೆ ತಗ್ಗಿಸಿ, "ತಪ್ಪಾಯ್ತು ಅಕ್ಕ," ಅಂದ.

"ಕೇಳಿಸ್ಲಿಲ್ಲ."

"ತಪ್ಪಾಯ್ತು."

"ಏನು ತಪ್ಪು? ಇವರಿಗೆಲ್ಲ ಗೊತ್ತಾಗ್ಬೇಡ್ವಾ?"

ಅವನು ಹೇಳಿದ. ಹಳೇ ಕಾರ್ಡು ಹೊಸದೆಂದು ಹಾಕಿದ್ದು, ಟೊಳ್ಳು ಪವರ್ ಸಪ್ಲೈ, ಒಂದೇ ಪಟ್ಟಿ, ಇಸ್ಪೀಟಿನ ಮಾತು, ಎಲ್ಲ. ಮುಖ ಸುಣ್ಣದ ಹಾಗಾಗಿತ್ತು. ಕೊನೆಗೆ ಹೆಂಡತಿ, "ಇನ್ನಾದ್ರೂ ನಿಲ್ಲಿಸ್ತೀರಲ್ಲ ಅಕ್ಕ?" ಅಂದಳು.

"ನಿಲ್ಲಿಸ್ತೀನಿ ಅಂತ ನಾನು ಯಾವಾಗ ಹೇಳ್ದೆ?" ಅಂದಳು ಹಲ್ಲಕ್ಕ. "ಸಮಾಧಾನಕ್ಕೆ ಏನು ಬೇಕು ಅಂತ ಕೇಳಿದ್ರಿ. ಅದನ್ನ ಹೇಳ್ದೆ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದ ಮೇಲೆ, "ಇದು ಅತಿಯಾಯ್ತು," ಅಂದೆ. ಅವಳು ರಸ್ತೆ ದಾಟಿದಳು. ಎರಡು ವಾರ ನನ್ನ ಹತ್ತಿರ ಅಚ್ಚು, ಮೇಣದ ಮಾತು ಬಿಟ್ಟು ಬೇರೆ ಆಡಲಿಲ್ಲ. ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಅದೇ ಬೆಂಚಿನ ಮೇಲೆ, ಅದೇ ಪೆನ್ನು ಹಿಡಿದು ಕೂತಿದ್ದಳು.

ಅದಾಗಿ ಐದು ತಿಂಗಳಿಗೆ ಅಂಗಡಿಯ ಬಾಗಿಲು ಮುಚ್ಚಿತು. ಗ್ಯಾರಂಟಿ ಸಾಮಾನು ವ್ಯಾನಿಗೆ ತುಂಬುವಾಗ ಇವಳು ಕೆಲಸ ಬಿಟ್ಟು ಕಿಟಕಿಗೆ ಬಂದು, ಕೊನೆಯ ಡಬ್ಬಿ ಏರುವವರೆಗೂ ನಿಂತು ನೋಡಿದಳು. ಅವನು ಈಗ ಇನ್ನೊಂದು ಬಡಾವಣೆಯಲ್ಲಿ ಪ್ರಿಂಟರ್ ರಿಪೇರಿಗೆ ಸಂಬಳಕ್ಕಿದ್ದಾನಂತೆ. ಆ ಜಾಗದಲ್ಲಿ ಈಗ ಚಪ್ಪಲಿ ಮಾರುತ್ತಾರೆ.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಅವಳು ಹಲ್ಲು ಮಸೆದ ಧೂಳಿನ ಕೈ ತೊಳೆದು ಬಂದು ಕೂತು, ಹೊಸ ಮೆಮೊರಿ ಪಟ್ಟಿ ಎರಡು ಸಿಕ್ಕಿಸುತ್ತಿದ್ದಳು. ಇಷ್ಟು ವರ್ಷದ ಮೇಲಾದರೂ ಕೇಳೋಣವೆಂದು ಕೇಳಿದೆ: "ಯಾವತ್ತಾದ್ರೂ ಅಯ್ಯೋ ಅನ್ಸುತ್ತಾ?"

"ಅವನ ಹೆಂಡತಿ ಮುಖ ನೆನಪಾದ್ರೆ ಅನ್ಸುತ್ತೆ," ಅಂದಳು. ಪಟ್ಟಿ ಟಕ್ಕೆಂದು ಕೂತಿತು. "ಅವನ ಮುಖ ನೆನಪಾದ್ರೆ ಇನ್ನೊಂದು ಸಲ ಮಾಡೋಣ ಅನ್ಸುತ್ತೆ."

ತಗಡಿನ ಬಾಗಿಲು ಮುಚ್ಚಿ, ಸ್ಕ್ರೂ ತಿರುಗಿಸಿ, "ಆ ಕುರ್ಚಿ ಈ ಕಡೆ ಎಳ್ಕೊಳ್ಳಿ," ಅಂದಳು ನನಗೆ. "ಈ ಸಲದ ಗೇಮು ಸಮುದ್ರದ್ದು."