ಕೊನೆಯಿಂದ ಹೇಳಿದ ಕಥೆ

ಔರಾದದ ಕಾಶಿಬಾಯಿ ನನ್ನನ್ನು ಮೂರು ಸಲ ಬರಿಗೈಲಿ ಕಳಿಸಿದರು. ನಾಲ್ಕನೆಯ ಸಲ ಕಥೆ ಕೊಟ್ಟರು ನೋಡಿ! ಎರಡು ವರ್ಷ ಓದಿದರೂ ತಲೆಗೆ ಹತ್ತದ ಸಿದ್ಧಾಂತವೊಂದು ಇಪ್ಪತ್ತೇ ನಿಮಿಷದಲ್ಲಿ ಹತ್ತಿಬಿಟ್ಟಿತು.

ಮೊದಲು ಡೈರಿಯ ಲೆಕ್ಕ ಒಪ್ಪಿಸಿಬಿಡುತ್ತೇನೆ. (ಕಂಡದ್ದನ್ನೆಲ್ಲ ಎಣಿಸುವುದು ನನ್ನ ರೋಗ.) ನನ್ನೂರು ಭಾಲ್ಕಿಯಿಂದ ಔರಾದಕ್ಕೆ ಪ್ರಯಾಣ, ನಾಲ್ಕು. ರೆಕಾರ್ಡರ್ ಆನ್ ಮಾಡಿದ್ದು, ನಾಲ್ಕು ಸಲ. ಮೊದಲ ಮೂರು ಭೇಟಿಯಲ್ಲಿ ಸಿಕ್ಕ ಕಥೆ, ಸೊನ್ನೆ. ಕುಡಿದ ಚಹಾ, ಏಳು.

ನಾನು ಬೀದರಿನಲ್ಲಿ ಓದುತ್ತಿರುವುದು ಕಥನಶಾಸ್ತ್ರ. ಕಥೆಯಲ್ಲಿ ಏನಿದೆ ಅನ್ನುವುದಕ್ಕಿಂತ ಅದನ್ನು ಹೇಗೆ ಹೇಳಿದ್ದಾರೆ ಎಂದು ನೋಡುವ ವಿದ್ಯೆ. ಅದರ ಮೊದಲ ಪಾಠ ಇಷ್ಟು: ಘಟನೆಗಳು ನಡೆದ ಕ್ರಮ ಬೇರೆ, ಅವನ್ನು ಹೇಳುವ ಕ್ರಮ ಬೇರೆ. ಸರಳ, ಅಲ್ಲವೇ? ಸೆಮಿನಾರಿನಲ್ಲಿ ಯಾರೋ ಎದ್ದು, ಬೇರೆಯಾದರೆ ಏನೀಗ ಎಂದು ಕೇಳಿದರು. ನಾನು ನೀರು ಕುಡಿದೆ. (ಎರಡು ಗ್ಲಾಸು.)

ಅಂದೇ ನನ್ನ ಗೈಡ್ ಗಡುವು ಕೊಟ್ಟರು. ಎದುರು ಕೂತು ರೆಕಾರ್ಡ್ ಮಾಡಿಕೊಂಡ ಒಂದು ಪೂರ್ತಿ ಜನಪದ ಕಥೆ ಗುರುವಾರ ಅವರ ಟೇಬಲ್ ಮೇಲಿರಬೇಕು. ಇಲ್ಲವಾದರೆ ಆ ಚಾಪ್ಟರನ್ನೇ ಕೈಬಿಡಬೇಕು. ಆರು ತಿಂಗಳ ಕೆಲಸ!

ಕಾಶಿಬಾಯಿಗೆ ಕಥೆಗಳ ರಾಶಿಯೇ ಗೊತ್ತಿದೆ ಎಂದು ಔರಾದದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮನೆಯ ಮುಂದೆಯೇ ಬಳೆ ಅಂಗಡಿ. ಗಿರಾಕಿಗಳಿಲ್ಲ. ಇರುವುದಾದರೂ ಹೇಗೆ? ಆ ಓಣಿಯಲ್ಲಿ ಹದಿನಾಲ್ಕು ಮನೆ, ಒಂಬತ್ತಕ್ಕೆ ಬೀಗ. ಎರಡನೇ ವರ್ಷವೂ ಮಳೆ ಕೈಕೊಟ್ಟಿತ್ತು. ಜನ ಪುಣೆ, ಹೈದರಾಬಾದ್ ಎಂದು ಗಂಟು ಕಟ್ಟಿದ್ದರು. ಕಾಶಿಬಾಯಿಗೆ ಪುರುಸೊತ್ತಿತ್ತು, ನನ್ನ ಮೇಲೆ ಅಕ್ಕರೆಯೂ ಇತ್ತು. ಆದರೆ ರೆಕಾರ್ಡರ್ ಹೊರಬಂದ ಕೂಡಲೇ ಒಂದು ದಿನ ತಲೆನೋವು, ಇನ್ನೊಂದು ದಿನ ಹಲ್ಲುನೋವು, ಮತ್ತೊಂದು ದಿನ ನೀರಿನ ಟ್ಯಾಂಕರ್.

ನಾಲ್ಕನೆಯ ಭೇಟಿ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ಗಡುವಿಗೆ ಉಳಿದದ್ದು ಒಂದೇ ದಿನ. ನಾನು ಹೆಚ್ಚುಕಡಿಮೆ ಅಳುವ ಸ್ಥಿತಿಯಲ್ಲಿದ್ದೆ. ಆಗ ಅವರು ನಿಜ ಹೇಳಿದರು.

“ಹಗಲಿಗಿ ಕಥಿ ಹೇಳಿದ್ರ ಮಾಮಾ ದಾರಿ ತಪ್ತಾನ, ಯವ್ವಾ. ನನ್ನ ತಮ್ಮ ಇವತ್ತ ಮುಂಜಾನಿನೇ ಹೆಂಡ್ತಿ ಮಕ್ಕಳನ ಕರ್ಕೊಂಡು ಗೌಂಡಿ ಕೆಲಸಕ್ಕ ಪುಣೆಕ್ಕ ಹೋಗ್ಯಾನ. ಇನ್ನಾ ಮುಟ್ಟಿಲ್ಲ.”

ನನ್ನ ಅಜ್ಜಿಯೂ ಹೀಗೇ ಅನ್ನುತ್ತಿದ್ದಳು. ಮಕ್ಕಳು ಹಗಲಲ್ಲಿ ಕಥೆ ಕೇಳಿದರೆ ಅವರ ತಾಯಿಯ ಅಣ್ಣ ತಮ್ಮಂದಿರು ದಾರಿ ತಪ್ಪುತ್ತಾರೆ ಎಂದು. ನಾನು ಮರೆತೇಬಿಟ್ಟಿದ್ದೆ! ನಾಲ್ಕೂ ಸಲ ಬಿಸಿಲಲ್ಲಿ ಹೋಗಿ ರೆಕಾರ್ಡರ್ ಹಿಡಿದಿದ್ದೆ. ಸಂಜೆ ಉಳಿಯಬಹುದಿತ್ತಲ್ಲ ಅಂತೀರಾ? ಭಾಲ್ಕಿಯ ಕೊನೆಯ ಬಸ್ಸು ಹೊತ್ತಿರುವಾಗಲೇ ಹೊರಡುತ್ತದೆ. ವಾರಕ್ಕೆರಡು ಸಲ ಟ್ಯಾಂಕರ್ ಬರುವ ಮನೆಯಲ್ಲಿ ಅತಿಥಿಯಾಗಿ ನಿಂತು ಒಂದು ಕೊಡ ನೀರು ಖರ್ಚು ಮಾಡಲು ನನಗೆ ಮನಸ್ಸಾಗಲಿಲ್ಲ.

ಉಪಾಯ ಹೂಡಿದೆ. ನಿಮ್ಮ ತಮ್ಮ ನಿಮ್ಮ ಮಕ್ಕಳಿಗೆ ಮಾಮಾ, ಕೇಳುವವಳು ನಾನು, ನನಗೇನೂ ಆಗಬೇಕಿಲ್ಲವಲ್ಲ ಎಂದೆ. ಕಾಶಿಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನನಗ ಮೌಶಿ ಅಂತಿ, ಮೌಶಿ ಅಂದ್ರ ಅವ್ವನ ತಂಗಿ. ಮೌಶಿ ತಮ್ಮ ನಿನಗ ಏನಾಗ್ತಾನ? ಇಷ್ಟು ಸಾಲಿ ಕಲ್ತು ಇದೂ ತಿಳಿಯಲ್ಲೇನು?”

ಪುಣೆಯ ಹಾದಿಯಲ್ಲಿರುವ, ಮುಖವನ್ನೇ ನೋಡದ ಗಾರೆ ಕೆಲಸದ ಒಬ್ಬ ಗೌಂಡಿ ನನಗೂ ಮಾಮಾ ಆಗಿಬಿಟ್ಟಿದ್ದರು.

ಕಾಶಿಬಾಯಿ ಬಳೆಗಳನ್ನು ದಾರಕ್ಕೆ ಪೋಣಿಸತೊಡಗಿದರು. ಆಮೇಲೆ ಒಂದು ದಾರಿ ಹುಡುಕಿದರು.

“ಹಿಂದಿನಿಂದ ಹೇಳ್ತೇನಿ ತಗೋ. ಮೊದಲಿನಿಂದ ಹೇಳಿದ್ರ ಕಥಿ. ಹಿಂದಿನಿಂದ ಹೇಳಿದ್ರ ಬರೇ ಮಾತು. ಮಾತಿಗಿ ಯಾರೂ ದಾರಿ ತಪ್ಪಂಗಿಲ್ಲ.”

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ! ಅಕ್ಕ ತಂಗಿ ಒಂದೇ ತಾಟಿನಲ್ಲಿ ಉಂಡರು ಎಂದು ಶುರು ಮಾಡಿದರು. ಯಾಕೆ ಉಂಡರು? ತಂಗಿ ಸೋರೆಕಾಯಿಯೊಳಗಿಂದ ಹೊರಗೆ ಬಂದಿದ್ದಳು. ಹೇಗೆ ಬಂದಳು? ಕಾಗೆ ಕುಕ್ಕಿ ಒಡೆದಿತ್ತು. ಕಾಗೆಗೇನು ಅವಳ ಮೇಲೆ ಅಷ್ಟು ಪ್ರೀತಿ? ಅವಳು ದಿನಾ ಮೊದಲ ತುತ್ತು ಅದಕ್ಕೇ ಇಡುತ್ತಿದ್ದಳು. ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತ ಹೋದರು. ಹುಡುಗಿ ಉಳಿಯುತ್ತಾಳೆಂದು ಮೊದಲೇ ಗೊತ್ತು. ಆದರೂ ಅವಳನ್ನು ಸೋರೆಕಾಯಿಯೊಳಗೆ ಮುಚ್ಚಿಟ್ಟ ರಾಕ್ಷಸ ಬಂದಾಗ ನಾನು ಕುರ್ಚಿ ಎಳೆದುಕೊಂಡು ಕಾಶಿಬಾಯಿಯ ಹತ್ತಿರ ಸರಿದೆ. ಅದೇ ಕಾಗೆ, ಅದೇ ಹುಡುಗಿ, ಕ್ರಮ ಮಾತ್ರ ಬೇರೆ. ಭಯವೂ ಬೇರೆ! ಸೆಮಿನಾರಿನ ಆ ಪ್ರಶ್ನೆಗೆ ಇದಲ್ಲದೆ ಇನ್ನಾವ ಉತ್ತರ ಬೇಕು?

ಹದಿನೆಂಟು ಘಟನೆ ಎಣಿಸಿದೆ. ಹತ್ತೊಂಬತ್ತನೆಯದಕ್ಕೆ, ಅಂದರೆ ಕಥೆಯ ಮೊದಲ ಮಾತಿಗೆ ಬಂದಾಗ ನಿಲ್ಲಿಸಿಬಿಟ್ಟರು. ಅದನ್ನು ಹೇಳಿದರೆ ಕಥೆ ಪೂರ್ತಿಯಾಗುತ್ತದಂತೆ. ತಮ್ಮ ಪುಣೆ ಮುಟ್ಟಿದ ಮೇಲೆ ಫೋನ್ ಮಾಡಿ ಹೇಳುತ್ತೇನೆ ಎಂದರು.

ಗುರುವಾರ, ಬೀದರು. ನನ್ನ ಗೈಡ್ ಮಹಾ ವಿಚಾರವಾದಿ. ನಾವು ‘ಜನರ ನಂಬಿಕೆಯಂತೆ’ ಎಂದು ಬರೆದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುವವರು. ಹದಿನೆಂಟೂ ಓದಿದರು. ಮೊದಲ ಮಾತು ಎಲ್ಲಿ ಎಂದರು. ನಡೆದದ್ದೆಲ್ಲ ಹೇಳಿದೆ. ಬುಧವಾರದಿಂದ ಫೋನ್ ಬಂದಿಲ್ಲ ಎಂಬುದನ್ನೂ ಹೇಳಿದೆ. ನನ್ನ ಚಾಪ್ಟರ್ ಇನ್ನೇನು ಹೋಯಿತು ಎಂದುಕೊಂಡೆ. ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ಕಾಯೋಣ ಎಂದರು. ಮಧ್ಯಾಹ್ನದವರೆಗೆ ಮೂರು ಸಲ ಕೇಳಿದರು, ಮುಟ್ಟಿದರೇನು ಎಂದು.

ಮೂರೂ ಹತ್ತಕ್ಕೆ ಫೋನ್ ಬಂತು. ಕಾಶಿಬಾಯಿಯ ದನಿಯಲ್ಲಿ ಹಬ್ಬ. ಬಸ್ಸು ಕೆಟ್ಟು ತಡವಾಗಿತ್ತು, ಎಲ್ಲರೂ ಸುಖವಾಗಿ ಮುಟ್ಟಿದ್ದರು. ಮೊದಲ ಮಾತನ್ನೂ ಕೊಟ್ಟರು. ಬರೆದುಕೊಂಡು ಓಡಿದೆ. ಚಾಪ್ಟರ್ ಉಳಿಯಿತು! ಈಗ ಇಡೀ ಕಥೆಯನ್ನು ಮೊದಲಿನಿಂದ ಓದಲೇ ಸರ್ ಎಂದೆ.

ಸರ್ ಕಿಟಕಿಯಾಚೆ ನೋಡಿದರು. ಬಿಸಿಲು ಇನ್ನೂ ಸುಡುತ್ತಿತ್ತು.

“ಸಂಜಿಗಿ ಓದ್ರಿ,” ಅಂದರು ಮೆಲ್ಲಗೆ. “ನಮ್ಮ ಮಾಮಾನೂ ಇವತ್ತ ಹೈದರಾಬಾದಿಗಿ ಹೊಂಟಾರ, ಕೆಲಸಕ್ಕ.”

ಈ ವರ್ಷ ನಮ್ಮ ಜಿಲ್ಲೆಯಲ್ಲಿ ಯಾರ ಮಾಮಾ ದಾರಿಯಲ್ಲಿಲ್ಲ, ಹೇಳಿ?