ಅಕ್ಕನ ಅಂಗಡಿಯ ಗೋಡೆ

ನಾಲ್ಕು ಮಹಡಿಯ ಆ ವಾಣಿಜ್ಯ ಕಟ್ಟಡಕ್ಕೆ ಅವರು ಇಪ್ಪತ್ತಾರು ವರ್ಷ ಮ್ಯಾನೇಜರ್ ಆಗಿದ್ದರು. ಯಾವ ನಲ್ಲಿ ಸೋರುತ್ತದೆ, ಯಾವ ಮೆಟ್ಟಿಲು ಸವೆದಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಬಾಡಿಗೆದಾರರು ಖಾಲಿ ಮಾಡಿದ ಮೇಲೆ ಮಾಲೀಕರು ಒಪ್ಪಿಸಿದ ಕೊನೆಯ ಕೆಲಸ, ಕಟ್ಟಡ ಕೆಡವಲು ಗುತ್ತಿಗೆದಾರನನ್ನು ಗೊತ್ತುಮಾಡುವುದು.

ಮೂವರು ಬಂದರು. ಇಬ್ಬರು ರಸ್ತೆಯಲ್ಲೇ ನಿಂತು ಮಹಡಿ ಎಣಿಸಿ, ಯಂತ್ರ ತಂದು ವಾರದಲ್ಲಿ ಮುಗಿಸುತ್ತೇವೆ ಎಂದರು. ಮೂರನೆಯವನನ್ನು ಎಲ್ಲರೂ ಕರೆಯುತ್ತಿದ್ದುದು 'ಸುತ್ತಿಗೆ' ಎಂದೇ. ಅವನು ಅರ್ಧ ದಿನ ಗೋಡೆಗಳನ್ನು ತಟ್ಟುತ್ತ ಒಳಗೇ ಓಡಾಡಿ, ಮೇಲಿನಿಂದ ಕೈಯಲ್ಲೇ ಬಿಚ್ಚಿಕೊಂಡು ಬರುತ್ತೇನೆ ಎಂದ. ಮ್ಯಾನೇಜರ್ ಅವನನ್ನೇ ಆರಿಸಿದರು. ಕಟ್ಟಡಕ್ಕೆ ಅಂಟಿಕೊಂಡೇ ಅವರ ಅಕ್ಕನ ಹೊಲಿಗೆ ಅಂಗಡಿಯಿತ್ತು. ಗಂಡ ಹೋದ ಮೇಲೆ ಅಕ್ಕ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು ಆ ಒಂದೇ ಕೋಣೆಯಿಂದ.

"ಆ ಅಂಗಡಿಗೂ ನಮಗೂ ಒಂದೇ ಗೋಡೆನೋ, ಎರಡೋ?" ಸುತ್ತಿಗೆ ಕೇಳಿದ.

"ಎರಡು. ನಕ್ಷೆಯಲ್ಲಿದೆ."

"ನಕ್ಷೆ ಕೆಡವೋದಾದ್ರೆ ನನ್ನನ್ಯಾಕೆ ಕರೆದ್ರಿ ಸಾರ್? ಅವರ ಕಡೆಯಿಂದ ಒಂದು ತೂತು ಕೊರೆದು ನೋಡೋಣ."

ಅಕ್ಕ ಶಾಲೆಯೊಂದಕ್ಕೆ ಮುನ್ನೂರು ಬಿಳಿ ಅಂಗಿ ಹೊಲಿಯುತ್ತಿದ್ದರು.

"ಧೂಳೆಬ್ಬಿಸೋಕೆ ನಿನಗೆ ಇದೇ ಹೊತ್ತು ಸಿಕ್ತೇನೋ? ಈ ಗೋಡೆ ಕಟ್ಟಿಸಿದ್ದು ನಮ್ಮ ಮಾವ. ನನಗೆ ಗೊತ್ತಿಲ್ವಾ? ಹೋಗೋ, ಆಮೇಲೆ ಬಾ."

ಮ್ಯಾನೇಜರ್ ಎರಡು ಸಲ ಹೋದರು, ಎರಡು ಸಲವೂ ಬೈಸಿಕೊಂಡು ಬಂದರು. ಚಿಕ್ಕಂದಿನಿಂದ ಅಕ್ಕನಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಕೊನೆಗೆ ಸುತ್ತಿಗೆಗೆ ತಮ್ಮ ಕೈಯಾರೆ ಬರೆದುಕೊಟ್ಟರು: ಗೋಡೆಗಳು ಬೇರೆ ಬೇರೆ.

ಕೆಡವುವ ಕೆಲಸ ಶುರುವಾದ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನೆಲಮಹಡಿಯಲ್ಲಿ ಕೆಲಸಗಾರನೊಬ್ಬ ಇಟ್ಟಿಗೆ ಎಳೆದಾಗ ಆಚೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಅಕ್ಕನ ಮಾವ ಖರ್ಚು ಉಳಿಸಲು ಆ ಬದಿಗೆ ಬೇರೆ ಗೋಡೆಯನ್ನೇ ಕಟ್ಟಿಸದೆ ಅಂಗಡಿಯ ತೊಲೆಗಳನ್ನು ದೊಡ್ಡ ಕಟ್ಟಡದ ಗೋಡೆಗೇ ತೂರಿಸಿ, ಮೇಲೆ ಗಾರೆ ಮೆತ್ತಿಸಿದ್ದರು.

"ಅಮ್ಮಾ, ಹೇಗಿದ್ದೀರೋ ಹಾಗೇ ಹೊರಗೆ ಬನ್ನಿ!" ಸುತ್ತಿಗೆ ಕೂಗಿಕೊಂಡ.

ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಅಕ್ಕ ಬೀದಿಗೆ ಬಂದರು. ಆಸರೆಗೆ ಕಂಬ ತರುವಷ್ಟರಲ್ಲಿ ಚಾವಣಿಯ ಒಂದು ತುದಿ ಕುಸಿದು ಯಂತ್ರಗಳ ಮೇಲೆ ಕುಳಿತಿತು. ಯಾರಿಗೂ ಪೆಟ್ಟಾಗಲಿಲ್ಲ. ಅಂಗಡಿಯಲ್ಲಿ ಉಳಿದದ್ದನ್ನೂ ಕೆಡವಬೇಕು ಎಂದು ನೋಡಲು ಬಂದ ಎಂಜಿನಿಯರ್ ಬರೆದುಕೊಟ್ಟರು.

ಆ ಕೆಲಸಕ್ಕೂ ಮ್ಯಾನೇಜರ್ ಸುತ್ತಿಗೆಯನ್ನೇ ಕರೆಸಿದರು. ಬೇರೆ ಯಾರನ್ನು ಕರೆಯಬೇಕೆಂದು ಅವರಿಗೆ ತೋಚಲಿಲ್ಲ. ಅಕ್ಕ ಎದುರಿನ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಮಾಸಿದ ಅಂಗಿಗಳ ಗಂಟು ಪಕ್ಕದಲ್ಲಿತ್ತು, ಶಾಲೆಯವರು ಬೇಡವೆಂದಿದ್ದರು.

"ಕೊರೀಬೇಡ ಅಂದೋಳು ನಾನೇ. ನಿನ್ನನ್ನ ಬೈಯೋಲ್ಲ," ಎಂದರು ಅಕ್ಕ, ಪಕ್ಕದಲ್ಲಿ ನಿಂತಿದ್ದ ತಮ್ಮನಿಗೆ. ಗಂಟನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು, "ಒಂದು ಮಾತು ಹೇಳು. ಬೇರೆ ಯಾರದಾದ್ರೂ ಅಂಗಡಿ ಆಗಿದ್ದಿದ್ರೆ, ಬೇಡ ಅಂದ ತಕ್ಷಣ ಸುಮ್ಮನಾಗ್ತಿದ್ಯಾ?"

"ಇಲ್ಲ ಅಕ್ಕ."

ಅಕ್ಕ ತಲೆಯಾಡಿಸಿದರು. ಎದುರಿಗೆ ಕೆಲಸಗಾರರು ಮೊದಲ ತೊಲೆಗೆ ಹಗ್ಗ ಬಿಗಿಯುತ್ತಿದ್ದರು.